ಆಂಗ್ಲೋ ಇಂಡಿಯನ್ ಎಂದರೆ ಯಾರು?

ಗೌರಿಬಿದನೂರು, ಚಿಂತಾಮಣಿ ಕಡೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಇವೆರಡರ ಜೊತೆಗೆ ಉರ್ದುವೂ ಕಿವಿಗೆ ಬೀಳುತ್ತದೆ. ಹೀಗೆ ಎರಡು ಮೂರು ನುಡಿಗಳ ನಡುವೆ ಬಾಳುವವರಿಗೆ ಒಂದು ಪ್ರತ್ಯೇಕ ಹೆಸರು ಬೇಕೆಂದು ಯಾವ ಸರ್ಕಾರಕ್ಕೂ ಅನ್ನಿಸಿಲ್ಲ. ಆದರೆ ಈ ತಾಲ್ಲೂಕುಗಳು 2007ರವರೆಗೆ ಸೇರಿದ್ದ ಅವಿಭಜಿತ ಕೋಲಾರ ಜಿಲ್ಲೆಯಲ್ಲೇ, ಚಿನ್ನದ ಗಣಿಯ ಊರಿನಲ್ಲಿ, ಇನ್ನೊಂದು ಬಗೆಯ ನಡುವಿನ ಜನ ಇದ್ದರು. ಅವರಿಗೊಂದು ಹೆಸರು ಗೊತ್ತುಮಾಡಲು ಬ್ರಿಟಿಷ್ ಸರ್ಕಾರ ಮಾತ್ರವಲ್ಲ, ನಮ್ಮ ಸಂವಿಧಾನ ಸಭೆಯೂ ತಲೆ ಕೆಡಿಸಿಕೊಳ್ಳಬೇಕಾಯಿತು. ಆ ಹೆಸರೇ ಆಂಗ್ಲೋ ಇಂಡಿಯನ್.

ಹೆಸರಿನ ಮೊದಲ ಅರ್ಧವೇ ವಲಸೆ ಬಂದದ್ದು. ಇಂದಿನ ಜರ್ಮನಿಯ ಉತ್ತರ ತುದಿಯಿಂದ ಸುಮಾರು 5ನೆಯ ಶತಮಾನದಲ್ಲಿ ಬ್ರಿಟನ್ನಿಗೆ ಹೋಗಿ ನೆಲೆಸಿದ ‘ಆಂಗಲ್’ ಎಂಬ ಬುಡಕಟ್ಟಿನಿಂದ ಇಂಗ್ಲೆಂಡ್ ಎಂಬ ಹೆಸರು ಬಂತು. ನಾವು ‘ಆಂಗ್ಲ ಭಾಷೆ’ ಎನ್ನುವಾಗಿನ ಆಂಗ್ಲವೂ ಅದೇ.

ಇಂದು ಆಂಗ್ಲೋ ಇಂಡಿಯನ್ ಎಂದರೆ ಯುರೋಪಿನ ತಂದೆ, ಭಾರತದ ತಾಯಿಯ ಸಂತತಿ ಎಂದು ನಾವು ತಿಳಿಯುತ್ತೇವೆ. 19ನೆಯ ಶತಮಾನದಲ್ಲಿ ಈ ಅರ್ಥ ಇರಲಿಲ್ಲ. ಇಂಡಿಯಾದಲ್ಲಿ ನೌಕರಿ ಮಾಡುತ್ತ ಬಹುಕಾಲ ಕಳೆದ ಅಪ್ಪಟ ಬ್ರಿಟಿಷನನ್ನು ಆಗ ಹಾಗೆ ಕರೆಯುತ್ತಿದ್ದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಚಿಕ್ಕಬಳ್ಳಾಪುರದ ಪಕ್ಕದ ನಂದಿ ಬೆಟ್ಟದ ಮೇಲೆ ಬೇಸಿಗೆಯ ಬಂಗಲೆ ಕಟ್ಟಿಸಿಕೊಂಡಿದ್ದರು. ಸುಮಾರು 60 ವರ್ಷ ಈ ದೇಶದಲ್ಲೇ ಕಳೆದ ಈ ಅವಿವಾಹಿತ ಅಧಿಕಾರಿ, ಆ ಕಾಲದ ಬಳಕೆಯಂತೆ, ಆಂಗ್ಲೋ ಇಂಡಿಯನ್. 1886ರಲ್ಲಿ ಪ್ರಕಟವಾದ ‘ಹಾಬ್ಸನ್ ಜಾಬ್ಸನ್’ ಎಂಬ ಪ್ರಸಿದ್ಧ ಪದಕೋಶ ತನ್ನನ್ನು ಆಂಗ್ಲೋ ಇಂಡಿಯನ್ ಆಡುಮಾತಿನ ಕೋಶವೆಂದು ಹೇಳಿಕೊಂಡಿತು. ಅದರಲ್ಲಿದ್ದದ್ದು ಬಂಗಲೆ, ಕರಿ, ವರಾಂಡಗಳಂಥ ಸಾಹೇಬರ ಬಾಯಿಯ ಮಾತುಗಳು.

ಹಾಗಾದರೆ ಮಿಶ್ರ ಸಂತತಿಯವರನ್ನು ಏನೆಂದು ಕರೆಯುತ್ತಿದ್ದರು? ಯುರೇಷಿಯನ್, ಈಸ್ಟ್ ಇಂಡಿಯನ್, ಇಂಡೋ ಬ್ರಿಟನ್. ಬೆನ್ನ ಹಿಂದೆ ‘ಹಾಫ್ ಕ್ಯಾಸ್ಟ್’.

ಮೊದಮೊದಲು ಕಂಪನಿಗೆ ಈ ಮಕ್ಕಳು ಬೇಕಾಗಿದ್ದರು. ಮದರಾಸಿನ ಕೋಟೆಯ ಸಿಪಾಯಿಗಳು ಸ್ಥಳೀಯ ಹೆಣ್ಣುಗಳನ್ನು ಮದುವೆಯಾಗಲಿ, ಹುಟ್ಟುವ ಪ್ರತಿ ಮಗುವಿನ ನಾಮಕರಣದಂದು ತಾಯಿಗೆ ಒಂದು ವರಹ ಕೊಡೋಣ ಎಂಬ ಆಲೋಚನೆಯನ್ನು ಕಂಪನಿಯ ನಿರ್ದೇಶಕರು 1687ರಲ್ಲೇ ಲಂಡನ್ನಿನಿಂದ ಬರೆದು ತಿಳಿಸಿದ್ದರು. ದೂರದ ಸಮುದ್ರತೀರದಲ್ಲಿ ನಂಬಿಕೆಯ ಜನ ಬೇಕಿತ್ತು, ಇಂಗ್ಲೆಂಡಿನಿಂದ ಹೆಂಗಸರನ್ನು ಹಡಗಿನಲ್ಲಿ ಕರೆತರುವ ಖರ್ಚು ಬೇಡವಾಗಿತ್ತು. ನೂರು ವರ್ಷ ಕಳೆಯುವುದರಲ್ಲಿ ಲೆಕ್ಕ ಬದಲಾಯಿತು. ಕಂಪನಿಯ ಹುದ್ದೆಗಳಿಗೆ ಇಂಗ್ಲೆಂಡಿನಲ್ಲೇ ನೂಕುನುಗ್ಗಲು. ಕಲ್ಕತ್ತೆಯ ಅನಾಥಾಲಯದ ಮಿಶ್ರ ಸಂತತಿಯ ಮಕ್ಕಳು ಓದಲು ಇಂಗ್ಲೆಂಡಿಗೆ ಹೋಗದಂತೆ 1786ರಲ್ಲಿ ತಡೆದರು. ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೂ ಕಂಪನಿಯ ಸಿವಿಲ್, ಸೈನಿಕ ಹುದ್ದೆಗಳಿಲ್ಲ ಎಂದು 1791ರಲ್ಲಿ ಆಜ್ಞೆಯಾಯಿತು. 1795ರ ಆಜ್ಞೆಯ ನಂತರ ಸೈನ್ಯದಲ್ಲಿ ಅವರಿಗೆ ಉಳಿದದ್ದು ಕೊಳಲು, ನಗಾರಿ, ಬ್ಯಾಂಡು ಬಾರಿಸುವ ಕೆಲಸ ಮತ್ತು ಕುದುರೆಗೆ ಲಾಳ ಹೊಡೆಯುವ ಕೆಲಸ. ಸ್ಕಾಟಿಷ್ ತಂದೆ, ರಜಪೂತ ತಾಯಿಯ ಮಗ ಜೇಮ್ಸ್ ಸ್ಕಿನ್ನರ್ ಇದೇ ಕಾರಣದಿಂದ ಮರಾಠರ ಸೈನ್ಯ ಸೇರಿದ. ಮುಂದೆ ಅವನ ಕುದುರೆ ದಳವೇ ಬೇಕಾಗಿ ಕಂಪನಿ ಅವನನ್ನು ಕರೆದುಕೊಂಡಿತೆಂಬುದು ಬೇರೆ ಮಾತು.

ಈ ನೋವಿನಿಂದಲೇ ಒಂದು ಸಮುದಾಯ ಎಂಬ ಭಾವನೆ ಮೂಡಿತು. 1830ರಲ್ಲಿ ಜಾನ್ ರಿಕೆಟ್ಸ್ ತನ್ನ ಜನರ ಅಹವಾಲನ್ನು ಬ್ರಿಟಿಷ್ ಪಾರ್ಲಿಮೆಂಟಿನ ಮುಂದಿಟ್ಟಾಗ ಅದು ‘ಈಸ್ಟ್ ಇಂಡಿಯನ್ನರ ಮನವಿ’. ಅಂದಿಗೂ ಅವರು ಆಂಗ್ಲೋ ಇಂಡಿಯನ್ನರಾಗಿರಲಿಲ್ಲ.

ಪದದ ಅರ್ಥ ಜಾರುತ್ತಿದ್ದ ಕಾಲಕ್ಕೆ ನಮ್ಮಲ್ಲೇ ಒಂದು ಸಾಕ್ಷಿಯಿದೆ: ಬೆಂಗಳೂರಿನ ವೈಟ್‌ಫೀಲ್ಡ್. ಇಂದು ಕಂಪ್ಯೂಟರ್ ಕಂಪನಿಗಳಿಗೂ ವಾಹನ ದಟ್ಟಣೆಗೂ ಹೆಸರಾದ ಈ ಜಾಗ ಹುಟ್ಟಿದ್ದು ಬೇಸಾಯದ ಹಳ್ಳಿಯಾಗಿ. ಮದರಾಸಿನ ಡಿ.ಎಸ್. ವೈಟ್ ಅವರಿಗೆ ತನ್ನ ಜನ ಸರ್ಕಾರಿ ನೌಕರಿಯನ್ನೇ ನೆಚ್ಚಿಕೊಂಡು ಕೂತರೆ ಉಳಿಗಾಲವಿಲ್ಲ, ನೆಲ ಉತ್ತು ಸ್ವಂತ ಕಾಲಮೇಲೆ ನಿಲ್ಲಬೇಕು ಎಂಬ ಹಂಬಲವಿತ್ತು. 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು 3900 ಎಕರೆ ಕೊಟ್ಟರು. ಜಮೀನು ಪಡೆದ ಸಂಸ್ಥೆಯ ಹೆಸರನ್ನು ಗಮನಿಸಬೇಕು: ಮೈಸೂರು ಮತ್ತು ಕೊಡಗಿನ ‘ಯುರೇಷಿಯನ್ ಅಂಡ್ ಆಂಗ್ಲೋ ಇಂಡಿಯನ್ ಅಸೋಸಿಯೇಷನ್’. ಯುರೇಷಿಯನ್ ಎಂದರೆ ಮಿಶ್ರ ರಕ್ತದವರು. ಆಂಗ್ಲೋ ಇಂಡಿಯನ್ ಎಂದರೆ ಇಲ್ಲೇ ನೆಲೆಯೂರಿದ ಬಿಳಿಯರು. ಎರಡು ಪದಗಳೂ ಬೇರೆಬೇರೆ ಜನರನ್ನು ಸೂಚಿಸುತ್ತಿದ್ದುದರಿಂದಲೇ ನಡುವೆ ‘ಮತ್ತು’ ಬೇಕಾಯಿತು.

ಬೇಸಾಯದ ಕನಸು ಹೆಚ್ಚು ಫಲಿಸಲಿಲ್ಲ. ವೈಟ್‌ಫೀಲ್ಡ್ ಬರಬರುತ್ತ ನಿವೃತ್ತರು ತಂಗುವ ಊರಾಯಿತು. ಆದರೆ ಹೆಸರಿನ ವಿಷಯದಲ್ಲಿ ಸಮುದಾಯ ಗೆದ್ದಿತೆನ್ನಬೇಕು. ಯುರೇಷಿಯನ್ ಎಂಬ ಮಾತಿಗೆ ತಾತ್ಸಾರದ ವಾಸನೆ ಅಂಟಿತ್ತು. ಅದು ಬೇಡ, ಆಂಗ್ಲೋ ಇಂಡಿಯನ್ ಎಂದೇ ಕರೆಯಿರಿ ಎಂದು ಮುಖಂಡರು ಪಟ್ಟು ಹಿಡಿದರು. 1911ರ ಜನಗಣತಿಯಲ್ಲಿ ಲಾರ್ಡ್ ಹಾರ್ಡಿಂಜ್ ಅವರ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಳುವವರಿಗಿದ್ದ ಹೆಸರು ಹೀಗೆ ನಡುವಿನವರಿಗೆ ಬಂತು.

ಹೆಸರಿನ ಹಿಂದೆ ಅನ್ನದ ಪ್ರಶ್ನೆಯೂ ಇತ್ತು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿನಿಂದ ಗೌರಿಬಿದನೂರು, ಹಿಂದೂಪುರದ ಮೂಲಕ ಗುಂತಕಲ್ಲಿಗೆ ಮೀಟರ್ ಗೇಜ್ ರೈಲು ಬಂತು. ಆ ಕಾಲದ ರೈಲುಗಳಲ್ಲಿ ಎಂಜಿನ್ ಡ್ರೈವರು, ಗಾರ್ಡುಗಳ ಕೆಲಸ ಬಹುಪಾಲು ಇವರಿಗೇ ಮೀಸಲು. ಗುಂತಕಲ್ಲು, ಹುಬ್ಬಳ್ಳಿಯ ರೈಲ್ವೆ ಕಾಲೊನಿಗಳಲ್ಲಿ ಇವರದೇ ಬೀದಿಗಳಿದ್ದವು. ಜಾನ್ ಟೇಲರ್ ಕಂಪನಿಯ ಕೋಲಾರದ ಚಿನ್ನದ ಗಣಿಯಲ್ಲೂ ಅದೇ ಏಣಿ. ಮೇಲೆ ಯುರೋಪಿನವರು, ಮೇಲ್ವಿಚಾರಣೆಗೆ ಆಂಗ್ಲೋ ಇಂಡಿಯನ್ನರು, ನೆಲದಡಿಯ ಕತ್ತಲಲ್ಲಿ ಬಹುತೇಕ ತಮಿಳು ಕೂಲಿಕಾರರು. ನಡುವಿನ ಮೆಟ್ಟಿಲಲ್ಲಿ ನಿಂತವರನ್ನು ಮೇಲಿನವರು ತಮ್ಮವರೆನ್ನಲಿಲ್ಲ, ಕೆಳಗಿನವರು ಸಾಹೇಬರ ಕಡೆಯವರೆಂದರು. ತಮಿಳು, ಮಲಯಾಳಂ ಆಡುಮಾತು ಅವರಿಗೆ ಇಟ್ಟ ಹೆಸರಿನ ಅರ್ಥ ‘ಅಂಗಿಯವರು’ ಎಂದು, ಕೆ.ಎಸ್. ಸೇತುಮಾಧವನ್ ಅವರ 1974ರ ‘ಚಟ್ಟಕ್ಕಾರಿ’ ಚಿತ್ರದ ಹೆಸರು ಇದೇ.

ಕೆಲಸ ಮೀಸಲಿಡಬೇಕಾದರೆ ಯಾರಿಗೆ ಎಂದು ಕಾಯ್ದೆ ಹೇಳಬೇಕಲ್ಲ! 1935ರ ಭಾರತ ಸರ್ಕಾರ ಕಾಯ್ದೆ ವ್ಯಾಖ್ಯೆ ಕೊಟ್ಟಿತು, ಸಂವಿಧಾನದ 366(2)ನೆಯ ವಿಧಿ ಅದನ್ನು ತಿದ್ದಿ ಉಳಿಸಿಕೊಂಡಿತು. ತಂದೆಯಾಗಲಿ, ತಂದೆಯ ಕಡೆಯ ಗಂಡು ಪರಂಪರೆಯ ಯಾವ ಹಿರಿಯನಾಗಲಿ ಯುರೋಪ್ ಮೂಲದವನಾಗಿರಬೇಕು. ವ್ಯಕ್ತಿ ಭಾರತದಲ್ಲಿ ನೆಲೆಸಿರಬೇಕು. ಇಲ್ಲೇ ಖಾಯಂ ವಾಸವಿದ್ದ ತಂದೆತಾಯಿಗೆ ಇಲ್ಲಿ ಹುಟ್ಟಿರಬೇಕು.

ಇದರಲ್ಲಿ ಎರಡು ಸೋಜಿಗಗಳಿವೆ. ಮೊದಲನೆಯದು, ಹೆಸರಿನಲ್ಲಿ ‘ಆಂಗ್ಲೋ’ ಇದ್ದರೂ ಇಂಗ್ಲೆಂಡಿನ ಸುದ್ದಿಯೇ ಇಲ್ಲ. ಪೋರ್ಚುಗೀಸ್, ಡಚ್, ಫ್ರೆಂಚ್ ಹಿರಿಯನಾದರೂ ಆದೀತು. ಎರಡನೆಯದು ಹೆಚ್ಚು ಕಟುವಾದದ್ದು. ಈ ಸಮುದಾಯದ ಮೂಲಮಾತೆಯರು ಬಹುಪಾಲು ಭಾರತದ ಹೆಂಗಸರು. ಚರ್ಚಿನ ಹಳೆಯ ದಾಖಲೆಗಳಲ್ಲಿ ಎಷ್ಟೋ ಕಡೆ ಅವರ ಹೆಸರೇ ಕಾಣುವುದಿಲ್ಲ. ವ್ಯಾಖ್ಯೆಯಲ್ಲೂ ಅವರಿಗೆ ಸ್ಥಳವಿಲ್ಲ. ಆಂಗ್ಲೋ ಇಂಡಿಯನ್ ಹೆಣ್ಣುಮಗಳೊಬ್ಬಳು ಚಿಂತಾಮಣಿಯ ಹುಡುಗನನ್ನು ಮದುವೆಯಾದರೆ ಅವಳ ಮಕ್ಕಳು ಕಾನೂನಿನ ಕಣ್ಣಿಗೆ ಆಂಗ್ಲೋ ಇಂಡಿಯನ್ನರಲ್ಲ. ಅವಳ ತಮ್ಮ ಅದೇ ಊರಿನ ಹುಡುಗಿಯನ್ನು ತಂದುಕೊಂಡರೆ ಅವನ ಮಕ್ಕಳು ಹೌದು. ಮನೆಯ ಅಡುಗೆ, ಹಾಡು, ಹಬ್ಬ ಕಲಿಸುವವಳು ತಾಯಿ ಎಂಬುದು ಕರಡು ಬರೆದವರಿಗೆ ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ.

ಸಂವಿಧಾನ ಕೊಟ್ಟ ಸವಲತ್ತುಗಳಿಗೆ ಅವಧಿಯಿತ್ತು. ರೈಲ್ವೆ, ಕಸ್ಟಮ್ಸ್, ಅಂಚೆ, ತಂತಿ ಇಲಾಖೆಗಳ ಮೀಸಲು ಎರಡು ವರ್ಷಕ್ಕೊಮ್ಮೆ ಶೇಕಡ 10ರಂತೆ ಇಳಿದು ಹತ್ತು ವರ್ಷಕ್ಕೆ ಮುಗಿಯಿತು. ಅಷ್ಟರಲ್ಲಿ ಸಾವಿರಾರು ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಾಗಳಿಗೆ ಹೊರಟಿದ್ದವು. ಉಳಿದವರು ಶಾಲೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಂದು ನಮ್ಮ ಮಕ್ಕಳು ಬರೆಯುವ ಐಸಿಎಸ್ಇ ಪರೀಕ್ಷೆ ನಡೆಸುವ ಮಂಡಳಿ 1958ರಲ್ಲಿ ಹುಟ್ಟಿದ್ದು ಆಂಗ್ಲೋ ಇಂಡಿಯನ್ ಶಿಕ್ಷಣದ ಅಂತರರಾಜ್ಯ ಮಂಡಳಿಯ ಆಸಕ್ತಿಯಿಂದ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಕಿತ್ತ ಬೆಂಗಳೂರಿನ ರೋಜರ್ ಬಿನ್ನಿ ಈ ಸಮುದಾಯದವರೆಂಬುದನ್ನು ಆ ದಿನ ಕುಣಿದವರಲ್ಲಿ ಎಷ್ಟು ಮಂದಿ ನೆನೆದರೋ!

ಶಾಸನ ಸಭೆಗಳಲ್ಲಿ ನಾಮನಿರ್ದೇಶನ ಮಾತ್ರ ಬಹುಕಾಲ ಉಳಿಯಿತು. ಲೋಕಸಭೆಗೆ ಇಬ್ಬರು, ನಮ್ಮ ವಿಧಾನಸಭೆಯಲ್ಲಿ ಚುನಾಯಿತರಾದ 224 ಮಂದಿಯ ಜೊತೆ 225ನೆಯವರಾಗಿ ಒಬ್ಬರು. ಸಂವಿಧಾನದ 104ನೆಯ ತಿದ್ದುಪಡಿ ಇದನ್ನು ಮುಂದುವರಿಸಲಿಲ್ಲ. 2020ರ ಜನವರಿ 25ರಂದು ಆ ಸ್ಥಾನಗಳು ಕೊನೆಗೊಂಡವು. 2019ರ ಡಿಸೆಂಬರಿನಲ್ಲಿ ಕೇಂದ್ರ ಕಾನೂನು ಸಚಿವರು ಪಾರ್ಲಿಮೆಂಟಿನಲ್ಲಿ ಕೊಟ್ಟ ಲೆಕ್ಕ, 2011ರ ಗಣತಿಯಂತೆ, ಇಡೀ ದೇಶದಲ್ಲಿ 296 ಆಂಗ್ಲೋ ಇಂಡಿಯನ್ನರು. 1951ರ ಗಣತಿಯಲ್ಲಿ ಅವರು 1.11 ಲಕ್ಷಕ್ಕೂ ಹೆಚ್ಚಿದ್ದರು. ವಲಸೆ ಎಷ್ಟೇ ನಡೆದಿರಲಿ, ಈ 296ನ್ನು ನಂಬುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಹೊರತು ಬೇರೆ ಸಮುದಾಯಗಳಿಗೆ 2011ರ ಗಣತಿಯಲ್ಲಿ ಅಂಕಣವೇ ಇರಲಿಲ್ಲ. ಕೇಳದೆ ಇದ್ದ ಪ್ರಶ್ನೆಗೆ ಬಂದ ಉತ್ತರ ಅದು.

ಸ್ಥಾನ ಹೋಯಿತು, 366(2)ರ ವ್ಯಾಖ್ಯೆ ಸಂವಿಧಾನದಲ್ಲಿ ಹಾಗೆಯೇ ಇದೆ. 2027ರ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಗಣತಿದಾರರು ಬೆಂಗಳೂರಿನ ಫ್ರೇಜರ್ ಟೌನಿನ ಮನೆಯೊಂದರ ಬಾಗಿಲು ತಟ್ಟಿದಾಗ, ತಾಯಿಯ ಕಡೆಯಿಂದ ಮಾತ್ರ ಆಂಗ್ಲೋ ಇಂಡಿಯನ್ ಆದ ಮಗಳು ತಾನು ಯಾರೆಂದು ಬರೆಸಬೇಕು?