ಬೆಟ್ಟದ ಮೇಲಿನ ನೀರಿನ ಆಳ

ಶರಾವತಿಯ ಹಿನ್ನೀರಿನಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ಮುಳುಗಿರುವ ಸಂಗತಿ ನಮ್ಮ ಕಡೆಯವರಿಗೆ ತಿಳಿದದ್ದೇ. ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲೆಂದು 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹಳ್ಳಿ, ತೋಟ, ಗದ್ದೆಗಳ ಜೊತೆಗೆ ಅದೂ ನೀರಿನ ಪಾಲಾಯಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಾತ್ರ ತಲೆಯೆತ್ತುತ್ತದೆ. ಸ್ಕೂಬಾ ಸಲಕರಣೆ ತೊಟ್ಟು ಮುಳುಗಿ ಅದನ್ನು ನೋಡಿಬರಬಹುದೇ ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದರು. ಅನುಮತಿಯ ಮಾತು ಬೇರೆ. ಅದು ಸಂಬಂಧಪಟ್ಟ ಅಧಿಕಾರಿಗಳಿಗೆ ಬಿಟ್ಟದ್ದು. ಈ ಪ್ರಶ್ನೆಯ ಹಿಂದೆ ಇರುವ ಒಂದು ನೂರು ವರ್ಷಗಳ ಇತಿಹಾಸವನ್ನು ಹೇಳಬೇಕೆನಿಸಿತು.

ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಅಂದರೆ 554 ಮೀಟರ್. ಮುನ್ನೂರು ಮೀಟರಿಗಿಂತ ಎತ್ತರದ ನೀರಿನಲ್ಲಿ ಮುಳುಗುವುದನ್ನು ಸ್ಕೂಬಾ ಶಾಸ್ತ್ರ ಪ್ರತ್ಯೇಕವಾಗಿ ಪರಿಗಣಿಸುತ್ತದೆ. ಕಾರಣ ನೀರಿನಲ್ಲಿಲ್ಲ, ಅದರ ಮೇಲಿನ ಗಾಳಿಯಲ್ಲಿದೆ.

ತರಗತಿಯಲ್ಲಿ ನಾನು ತರುತ್ತಿದ್ದ ಗೋಲಿ ಸೋಡಾದ ಉದಾಹರಣೆ ಹಲವರಿಗೆ ನೆನಪಿರಬಹುದು. ಬಾಟಲಿ ಮುಚ್ಚಿರುವಾಗ ಅನಿಲ ಕಣ್ಣಿಗೆ ಕಾಣುವುದಿಲ್ಲ. ಗೋಲಿ ಒಳಗೆ ಬಿದ್ದು ಒತ್ತಡ ಇಳಿದೊಡನೆ ಗುಳ್ಳೆಗಳೇಳುತ್ತವೆ. ಆಳದಲ್ಲಿ ಒತ್ತಡದ ಗಾಳಿಯನ್ನು ಉಸಿರಾಡಿದವನ ರಕ್ತಮಾಂಸಗಳಲ್ಲಿ ಸಾರಜನಕವು ಹೀಗೆಯೇ ಕರಗಿರುತ್ತದೆ. ಅವಸರದಿಂದ ಮೇಲೆ ಬಂದರೆ ಅದು ಗುಳ್ಳೆಗಟ್ಟಿ ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಮರಣವನ್ನೇ ತರುತ್ತದೆ. ಇದನ್ನು ಬೆಂಡ್ಸ್ ಎನ್ನುತ್ತಾರೆ. ಗುಳ್ಳೆಗಳು ಸಾರಜನಕದ್ದೆಂದು ತೋರಿಸಿಕೊಟ್ಟವನು ಫ್ರಾನ್ಸಿನ ಪಾಲ್ ಬೆರ್. ಅವನ ಮಹಾಗ್ರಂಥ ಪ್ರಕಟವಾದದ್ದು 1878ರಲ್ಲಿ. ಸ್ವಾರಸ್ಯವೆಂದರೆ ಅದೇ ಗ್ರಂಥದಲ್ಲಿ ಅವನು ಪರ್ವತ ಮತ್ತು ಬಲೂನುಗಳ ವಿರಳ ಗಾಳಿಯನ್ನೂ ವಿವೇಚಿಸಿದ್ದಾನೆ.

ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ನೌಕಾಪಡೆಗಾಗಿ ಆಡುಗಳ ಮೇಲೆ ಪ್ರಯೋಗ ನಡೆಸಿ, 1908ರಲ್ಲಿ ಮುಳುಗುಗಾರರಿಗೆ ಮೊದಲ ವೈಜ್ಞಾನಿಕ ಕೋಷ್ಟಕಗಳನ್ನು ಕೊಟ್ಟನು. ಅವನ ಸೂತ್ರ ಸರಳವಾದುದು: ಒತ್ತಡವನ್ನು ಒಮ್ಮೆಗೆ ಅರ್ಧಕ್ಕೆ ಇಳಿಸಿದರೆ ದೇಹ ತಾಳಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಇಳಿಸಬಾರದು. ಸಮುದ್ರದಲ್ಲಿ ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಆದುದರಿಂದ ಅಲ್ಲಿಂದ ನೇರವಾಗಿ ಮೇಲೆ ಬರಬಹುದು.

ಸೂತ್ರ ಅನುಪಾತದ್ದು, ಕೋಷ್ಟಕ ಮಾತ್ರ ಅಡಿ ಲೆಕ್ಕದ್ದು. ಮುಳುಗುಗಾರರ ಕೈಗೆ ಬಂದದ್ದು ಕೋಷ್ಟಕ. ಇಟಲಿಯ ಆಲ್ಪ್ಸ್‌ನಲ್ಲಿ ರೇಶನ್ ಎಂಬ ಜಲಾಶಯವಿದೆ, 1498 ಮೀಟರ್ ಎತ್ತರದಲ್ಲಿ. 1950ರಲ್ಲಿ ಗ್ರೌನ್ ಎಂಬ ಹಳ್ಳಿಯನ್ನು ನುಂಗಿದ ನೀರು ಅದು. ಇಗರ್ಜಿಯ ಗಂಟೆಗೋಪುರವೊಂದು ಇಂದಿಗೂ ನೀರಿನ ನಡುವೆ ನಿಂತಿದೆ. ಅಲ್ಲಿ ವಾಯುಭಾರ ಸಮುದ್ರತೀರದ ಶೇಕಡಾ 83ರಷ್ಟು ಮಾತ್ರ. ಹಾಲ್ಡೇನನ ‘ಎರಡರಷ್ಟು’ ಅಲ್ಲಿ ಹತ್ತು ಮೀಟರಿಗಲ್ಲ, ಎಂಟೂವರೆ ಮೀಟರಿಗೇ ಬಂದುಬಿಡುತ್ತದೆ. ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದಲ್ಲಿ, 3800 ಮೀಟರ್ ಎತ್ತರದಲ್ಲಿ, ಸುಮಾರು ಆರೂವರೆ ಮೀಟರಿಗೆ. ಅಷ್ಟೇ ನೀರು, ಆದರೆ ದೇಹದ ಮಟ್ಟಿಗೆ ಹೆಚ್ಚು ಆಳ.

ಹಾಲ್ಡೇನನೇ 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರದ ಮೇಲೆ, 4300 ಮೀಟರ್ ಎತ್ತರದಲ್ಲಿ, ವಾರಗಟ್ಟಲೆ ತಂಗಿ ಉಸಿರಾಟದ ಅಧ್ಯಯನ ನಡೆಸಿದನು. ಆಳ ಮತ್ತು ಎತ್ತರಗಳೆರಡನ್ನೂ ಬಲ್ಲವನು ಒಬ್ಬನೇ. ಆದರೂ ಪರ್ವತದ ನೀರಿಗೆಂದೇ ಕೋಷ್ಟಕ ರಚಿಸುವ ಅಗತ್ಯ ಆಗ ಬೀಳಲಿಲ್ಲ. ನೌಕಾಪಡೆಗೆ ಬೆಟ್ಟದ ಮೇಲೇನು ಕೆಲಸ?

1943ರಲ್ಲಿ ಕೂಸ್ಟೊ ಮತ್ತು ಗಾನ್ಯಾನ್ ಅಕ್ವಾಲಂಗ್ ರೂಪಿಸಿದ ಮೇಲೆ ಸ್ಥಿತಿ ಬದಲಾಯಿತು. ಹವ್ಯಾಸಿಗಳು ಸರೋವರ, ಜಲಾಶಯಗಳಿಗೂ ಇಳಿಯತೊಡಗಿದರು. ಇಲ್ಲಿ ಆಳಮಾಪಕದ ವಿಷಯ ಹೇಳದೆ ಮುಂದೆ ಹೋಗಲಾರೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಮುಚ್ಚಿದ ಮಾಪಕವು ರೇಶನ್‌ನಂತಹ ಎತ್ತರದಲ್ಲಿ ಇರುವುದಕ್ಕಿಂತ ಸುಮಾರು 1.7 ಮೀಟರ್ ಕಡಿಮೆ ಆಳ ತೋರಿಸುತ್ತದೆ. ಒಂದು ತುದಿ ಮುಚ್ಚಿದ ಅಗ್ಗದ ಲೋಮನಾಳದ ಮಾಪಕವಾದರೋ ಬಾಯ್ಲನ ನಿಯಮದಂತೆ ಅನುಪಾತವನ್ನೇ ಅಳೆಯುತ್ತದೆ; ಅಲ್ಲಿಯ ಎಂಟೂವರೆ ಮೀಟರನ್ನು ಹತ್ತೆಂದು ತೋರಿಸುತ್ತದೆ. ಆಳದ ಲೆಕ್ಕಕ್ಕೆ ಅದು ತಪ್ಪು, ದೇಹದ ಲೆಕ್ಕಕ್ಕೆ ಸರಿ! ಬಾಯ್ಲನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಡೆಗೆ ಈ ಕೆಲಸವನ್ನು ಕ್ರಮಬದ್ಧವಾಗಿ ಮಾಡಿದ್ದು ಕಡಲೇ ಇಲ್ಲದ ಸ್ವಿಟ್ಜರ್ಲೆಂಡ್. ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್‌ಮಾನ್ ಮತ್ತು ಸಂಗಡಿಗರು 1976ರಲ್ಲಿ ಬೇರೆ ಬೇರೆ ಎತ್ತರಗಳಿಗೆ ಬೇರೆ ಬೇರೆ ಕೋಷ್ಟಕಗಳನ್ನು ಪ್ರಕಟಿಸಿದರು. ಮೇಲ್ಮೈಯ ವಾಯುಭಾರವನ್ನೇ ಲೆಕ್ಕದ ಮೊದಲ ಅಂಕಿಯಾಗಿ ಹಿಡಿದದ್ದು ಅವರ ವಿಧಾನದ ಹೆಚ್ಚುಗಾರಿಕೆ. ಇಂದು ಮುಳುಗುಗಾರರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಅನೇಕ ಗಣಕಗಳಲ್ಲಿ ಅವನ ಸಮೀಕರಣಗಳೇ ಇವೆ.

ಲಿಂಗನಮಕ್ಕಿಯಲ್ಲಿ ವಾಯುಭಾರದ ಕೊರತೆ ಶೇಕಡಾ ಆರರಷ್ಟು. ದೊಡ್ಡದಲ್ಲ, ಆದರೆ ಲೆಕ್ಕಕ್ಕೆ ಹಿಡಿಯತಕ್ಕದ್ದು. ನನಗೆ ಹೆಚ್ಚು ಚಿಂತೆಯಿರುವುದು ಬೇರೆ ಕಡೆ. ನಿಮ್ಮಲ್ಲಿ ಕೆಲವರು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ, ಅಂದೇ ಸಂಜೆ ಕಾರಿನಲ್ಲಿ ಘಾಟಿ ಹತ್ತಿ ಬೆಂಗಳೂರಿಗೆ ಹೊರಡುತ್ತೀರಿ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ದೇಹದಲ್ಲಿ ಸಾರಜನಕ ಇನ್ನೂ ಉಳಿದಿರುವಾಗಲೇ ನೀವು ವಿರಳವಾದ ಗಾಳಿಗೆ ಏರುತ್ತಿದ್ದೀರಿ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ 2002ರ ಗೋಷ್ಠಿಯ ನಂತರ ವಿಮಾನಯಾನಿಗಳಿಗೆ ನೀಡಿದ ಸಲಹೆಯೆಂದರೆ, ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ಕಾಯಬೇಕು. ವಿಮಾನದೊಳಗಿನ ವಾಯುಭಾರ 610 ಮೀಟರಿಗೂ ಮೇಲಿನ ಎತ್ತರಕ್ಕೆ ಸಮನಾಗಿದ್ದರೆ ಈ ಮಾತು ಅನ್ವಯಿಸುತ್ತದೆ. ರಸ್ತೆಯಲ್ಲಿ ಏರಿದರೂ ಎತ್ತರ ಎತ್ತರವೇ. ರಾತ್ರಿ ಕರಾವಳಿಯಲ್ಲೇ ತಂಗಿ, ಮರುದಿನ ಊಟ ಮುಗಿಸಿಕೊಂಡು ಘಾಟಿ ಹತ್ತಿರಿ.