ಮಾಮಲ್ಲಪುರದ ಎಂಟು ಗೆಲುವು, ಒಂದು ಸೋಲು

2022ರ ಜುಲೈನಲ್ಲಿ ತಮಿಳುನಾಡಿನ ಸರಕಾರಿ ಶಾಲೆಗಳಲ್ಲಿ ಚದುರಂಗದ ಸ್ಪರ್ಧೆಗಳು ನಡೆದವು. ನಮ್ಮ ತಾಳವಾಡಿ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳೂ ಮಣೆಯ ಮುಂದೆ ಕೂತರು. ಆಗ ಒಂದು ತೊಡಕು ಬಂತು. ನಾವು ಮಂತ್ರಿ ಎನ್ನುವ ಕಾಯಿ ತಮಿಳಿನವರಿಗೆ ರಾಣಿ. ಅವರು ಮಂತ್ರಿ ಎಂದರೆ ಅದು ನಮ್ಮ ಒಂಟೆ! ಮಕ್ಕಳು ಎರಡೇ ದಿನದಲ್ಲಿ ಹೊಂದಿಕೊಂಡರು, ನಾವು ಮೇಷ್ಟ್ರುಗಳೇ ತಡವರಿಸಿದೆವು.

ಇಷ್ಟೆಲ್ಲ ಸಡಗರಕ್ಕೆ ಕಾರಣ ಚೆಸ್ ಒಲಿಂಪಿಯಾಡ್. ರಷ್ಯಾದಲ್ಲಿ ನಡೆಯಬೇಕಿದ್ದ ಅದು ಯುಕ್ರೇನ್ ಯುದ್ಧದಿಂದಾಗಿ ಚೆನ್ನೈ ಬಳಿಯ ಮಾಮಲ್ಲಪುರಕ್ಕೆ ಬಂತು. ಭಾರತದ ಎರಡನೆಯ ತಂಡದ ಮೊದಲ ಮಣೆಯಲ್ಲಿ ಆಡಿದವನು ಚೆನ್ನೈನ ದೊಮ್ಮರಾಜು ಗುಕೇಶ್, ವಯಸ್ಸು 16. 2019ರ ಜನವರಿಯಲ್ಲಿ, 12 ವರ್ಷ 7 ತಿಂಗಳು 17 ದಿನಕ್ಕೆ ಗ್ರ್ಯಾಂಡ್‌ಮಾಸ್ಟರ್ ಆಗಿದ್ದ ಹುಡುಗ. ಆಗಿನ ವಿಶ್ವದಾಖಲೆ ತಪ್ಪಿದ್ದು 17 ದಿನಗಳಿಂದ.

ಈ ಹುಡುಗ ಮೊದಲ ಎಂಟು ಆಟಗಳನ್ನೂ ಗೆದ್ದ. ಸೋತವರಲ್ಲಿ ಸ್ಪೇನಿನ ಶಿರೋವ್ ಇದ್ದರು. 2000ದಲ್ಲಿ ನಮ್ಮ ಆನಂದ್ ವಿಶ್ವಪಟ್ಟ ಗೆದ್ದಾಗ ಫೈನಲ್‌ನಲ್ಲಿ ಎದುರಾಗಿದ್ದವರು ಅವರೇ. ಗುಕೇಶ್ ಆಗಿನ್ನೂ ಹುಟ್ಟಿರಲಿಲ್ಲ. ಎಂಟನೇ ಸುತ್ತಿನಲ್ಲಿ ಅಮೆರಿಕದ ಕರುವಾನಾ ಸೋತರು. ಅಗ್ರಶ್ರೇಯಾಂಕದ ಅಮೆರಿಕ ತಂಡ 3-1ರಿಂದ ಮಣಿಯಿತು.

ರೇಟಿಂಗ್ ಎಂದರೇನು ಎಂದು ಮಕ್ಕಳು ಕೇಳಿದಾಗ ನಾವು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸಿದೆವು. ಸಮಬಲದವರು ಆಡಿದರೆ ಇಬ್ಬರಿಂದಲೂ ಅರ್ಧ ಅಂಕದ ನಿರೀಕ್ಷೆ. ನಿಮಗಿಂತ 100 ಹೆಚ್ಚು ರೇಟಿಂಗ್ ಇರುವವರ ಎದುರು ನಿಮ್ಮ ನಿರೀಕ್ಷೆ ಸುಮಾರು 0.36 ಮಾತ್ರ. ಗೆದ್ದರೆ ಉಳಿದ 0.64 ನಿಮ್ಮ ಗಳಿಕೆ. ಈ ಮಟ್ಟದವರಿಗೆ ಅದನ್ನು 10ರಿಂದ ಗುಣಿಸುತ್ತಾರೆ, ಅಂದರೆ 6.4. ಕರುವಾನಾ ಎದುರಿನ ಗೆಲುವಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಇಷ್ಟೇ. ಹನಿ ಹನಿಯಾಗಿ ತುಂಬುವ ಕೊಡ ಅದು.

ಒಂಬತ್ತನೆಯದು ಡ್ರಾ. ಹತ್ತನೆಯ ಸುತ್ತಿನಲ್ಲಿ ಎದುರಾಳಿ ಉಜ್ಬೆಕಿಸ್ತಾನದ ಅಬ್ದುಸತ್ತೊರೊವ್. ಗೆಲ್ಲುವ ಆಟವನ್ನು ಗುಕೇಶ್ ಕೈಚೆಲ್ಲಿ ಸೋತ. ಪ್ರಜ್ಞಾನಂದ ಗೆದ್ದದ್ದರಿಂದ ಪಂದ್ಯ 2-2 ಆಯಿತಾದರೂ ಚಿನ್ನ ಕೊನೆಗೆ ಉಜ್ಬೆಕಿಸ್ತಾನಕ್ಕೆ ಹೋಯಿತು, ಇವರಿಗೆ ಕಂಚು. 11ರಲ್ಲಿ 9 ಅಂಕ ಪಡೆದ ಗುಕೇಶನಿಗೆ ಮೊದಲ ಮಣೆಯ ಚಿನ್ನವೇನೋ ಬಂತು. ಆದರೆ ಆ ಸಂಜೆ ಅವನು ಕುರ್ಚಿಯಿಂದ ಏಳದೆ ಕೂತಿದ್ದ ನೋಟ ನಮಗೆ ಇನ್ನೂ ಮರೆತಿಲ್ಲ. ಪರೀಕ್ಷೆಯಲ್ಲಿ ಗೊತ್ತಿದ್ದ ಲೆಕ್ಕವನ್ನೇ ತಪ್ಪು ಮಾಡಿ ಬಂದ ಮಕ್ಕಳನ್ನು ನಾವು ವರ್ಷವರ್ಷವೂ ನೋಡುತ್ತೇವಲ್ಲ!

ಸೆಪ್ಟೆಂಬರ್ ಪಟ್ಟಿಯಲ್ಲಿ ಅವನ ರೇಟಿಂಗ್ 2726. 2023ರ ಸೆಪ್ಟೆಂಬರಿನಲ್ಲಿ 2758 ಆಗಿ, 1986ರಿಂದ ಭಾರತದ ಮೊದಲ ಸ್ಥಾನದಲ್ಲಿದ್ದ ಆನಂದ್ ಅವರನ್ನು ದಾಟಿದ. 2024ರ ಏಪ್ರಿಲ್‌ನಲ್ಲಿ ಟೊರೊಂಟೊದ ಕ್ಯಾಂಡಿಡೇಟ್ಸ್ ಗೆದ್ದ.

ಅದೇ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಹದಿನಾಲ್ಕನೇ ಆಟ. ಡ್ರಾ ಆಗುತ್ತದೆಂದು ಎಲ್ಲರೂ ಎದ್ದುಹೋಗುವ ಹೊತ್ತಿಗೆ ಚೀನಾದ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ಇಟ್ಟರು. ಈ ಸಲ ತಪ್ಪು ಎದುರಿನವರದು. ಗುಕೇಶ್ ತಕ್ಷಣ ಆಡಲಿಲ್ಲ. ನೀರು ಕುಡಿದು, ಮಣೆಯನ್ನು ಮತ್ತೊಮ್ಮೆ ನೋಡಿ, ಆಮೇಲೆ ಆನೆಯನ್ನು ಕೈಗೆತ್ತಿಕೊಂಡ.