ವಾದಸಭೆಯ ಐದನೆಯ ಅಂಗ

ವಾದವೆಂಬುದಕ್ಕೆ ನಾಲ್ಕು ಅಂಗಗಳೆಂದು ನಮ್ಮ ಪ್ರಾಚೀನ ತರ್ಕಶಾಸ್ತ್ರಜ್ಞರು ಹೇಳಿದ್ದಾರೆ: ವಾದಿ, ಪ್ರತಿವಾದಿ, ಸಭ್ಯರು ಮತ್ತು ಸಭಾಪತಿ. ಹನ್ನೆರಡನೆಯ ಶತಮಾನದ ಶ್ವೇತಾಂಬರ ಆಚಾರ್ಯ ವಾದಿ ದೇವಸೂರಿಯು ತನ್ನ ‘ಪ್ರಮಾಣನಯತತ್ತ್ವಾಲೋಕ’ದ ಕೊನೆಯ ಪರಿಚ್ಛೇದದಲ್ಲಿ ಇವುಗಳ ಲಕ್ಷಣವನ್ನು ಅಚ್ಚುಕಟ್ಟಾಗಿ ನಿರೂಪಿಸಿದ್ದಾನೆ. ಸಭ್ಯರು ಉಭಯ ಪಕ್ಷಗಳ ಸಿದ್ಧಾಂತವನ್ನೂ ಬಲ್ಲವರಾಗಿರಬೇಕು. ಧಾರಣಶಕ್ತಿ, ಕ್ಷಮೆ, ಮಾಧ್ಯಸ್ಥ್ಯ ಇವು ಅವರಲ್ಲಿರಬೇಕು. ವಾದಿ ಪ್ರತಿವಾದಿಗಳಿಬ್ಬರಿಗೂ ಅವರು ಸಮ್ಮತರಾಗಿರಬೇಕು. ಇಷ್ಟೆಲ್ಲ ಹೇಳಿದ ಶಾಸ್ತ್ರವು ಒಬ್ಬನನ್ನು ಮಾತ್ರ ಹೊರಗಿಟ್ಟಿದೆ. ಸಭೆಯ ಅಂಚಿನಲ್ಲಿ ನಿಂತು ನೋಡುವವನು, ತೀರ್ಪು ಕೊಡುವ ಅಧಿಕಾರವಿಲ್ಲದಿದ್ದರೂ ಮನಸ್ಸಿನೊಳಗೆ ತೀರ್ಪು ಕೊಟ್ಟುಕೊಂಡೇ ಮನೆಗೆ ಹೋಗುವವನು, ಅವನಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ಅವನನ್ನು ವಾದಸಭೆಯ ಐದನೆಯ ಅಂಗವೆಂದು ಕರೆಯಬಹುದು. ದೂರದರ್ಶನವು ಬಂದ ಮೇಲೆ ಈ ಐದನೆಯ ಅಂಗವೇ ಉಳಿದ ನಾಲ್ಕಕ್ಕಿಂತ ದೊಡ್ಡದಾಯಿತು. ಅವನ ನಿರೀಕ್ಷೆ ಯಾವುದು, ಪ್ರತಿಕ್ರಿಯೆ ಯಾವುದು ಎಂಬ ಪ್ರಶ್ನೆ ಹೊಸದಾಗಿ ಕಂಡರೂ ಅದರ ಬೇರು ಹಳೆಯದು. ಮತ್ತು ಆ ಬೇರಿನಲ್ಲಿ ಕನ್ನಡ ನಾಡಿಗೂ ಪಾಲಿದೆ.

ಶಾಸ್ತ್ರ ಬರೆದ ದೇವಸೂರಿಯೇ ಸ್ವತಃ ಒಂದು ಪ್ರಸಿದ್ಧ ವಾದದ ಕರ್ತೃ. ವಿಕ್ರಮ ಸಂವತ್ 1181ರಲ್ಲಿ, ಎಂದರೆ ಕ್ರಿ.ಶ. 1125ರ ಸುಮಾರಿನಲ್ಲಿ, ಗುಜರಾತಿನ ಅಣಹಿಲಪಾಟಣದಲ್ಲಿ ಚಾಲುಕ್ಯ ದೊರೆ ಸಿದ್ಧರಾಜ ಜಯಸಿಂಹನ ಆಸ್ಥಾನದಲ್ಲಿ ಅವನಿಗೆ ಎದುರಾಳಿಯಾಗಿ ನಿಂತವನು ಕರ್ಣಾಟಕದಿಂದ ಹೋದ ದಿಗಂಬರ ವಿದ್ವಾಂಸ ಕುಮುದಚಂದ್ರ. ಸ್ತ್ರೀಯರಿಗೆ ಮೋಕ್ಷವುಂಟೇ ಇಲ್ಲವೇ ಎಂಬುದು ವಾದದ ಮುಖ್ಯ ವಿಷಯಗಳಲ್ಲಿ ಒಂದು. ಸೋತವರು ಪಟ್ಟಣವನ್ನು ಬಿಟ್ಟು ಹೋಗಬೇಕೆಂಬುದು ಪಣ. ಕುಮುದಚಂದ್ರ ಸೋತನೆಂದು ಶ್ವೇತಾಂಬರ ಗ್ರಂಥಗಳು ಹೇಳುತ್ತವೆ. ಯಶಶ್ಚಂದ್ರನೆಂಬ ಕವಿಯು ಇದೇ ಪ್ರಸಂಗವನ್ನು ‘ಮುದ್ರಿತಕುಮುದಚಂದ್ರ’ವೆಂಬ ನಾಟಕವನ್ನಾಗಿಯೇ ಬರೆದನು.

ಈ ಕಥೆಯಲ್ಲಿ ವಾದಿಗಳಿಗಿಂತ ಸ್ವಾರಸ್ಯವಾದ ಪಾತ್ರವೊಂದಿದೆ. ದೊರೆಯ ತಾಯಿ ಮಯಣಲ್ಲದೇವಿ ಗೋವೆಯ ಕದಂಬ ಜಯಕೇಶಿಯ ಮಗಳು. ಕನ್ನಡ ನಾಡಿನಿಂದ ಗುಜರಾತಿಗೆ ಮದುವೆಯಾಗಿ ಹೋದವಳು. ಕ್ರಿ.ಶ. 1305ರಲ್ಲಿ ‘ಪ್ರಬಂಧಚಿಂತಾಮಣಿ’ಯನ್ನು ರಚಿಸಿದ ಮೇರುತುಂಗನ ಪ್ರಕಾರ, ತವರಿನಿಂದ ಬಂದ ಕುಮುದಚಂದ್ರನೇ ಗೆಲ್ಲಬೇಕೆಂಬುದು ಅವಳ ಇಚ್ಛೆ, ಅದಕ್ಕಾಗಿ ಅವಳು ಸಭ್ಯರನ್ನೂ ಒತ್ತಾಯಿಸುತ್ತಿದ್ದಳು. ಸ್ತ್ರೀಯರ ಸುಕೃತಕ್ಕೆ ಮೋಕ್ಷಫಲವಿಲ್ಲವೆಂಬುದೇ ಆತನ ವಾದವೆಂದು ತಿಳಿದಾಗ ಅವಳು ಪಕ್ಷಪಾತವನ್ನು ಕೈಬಿಟ್ಟಳು. ಮೇರುತುಂಗನು ಘಟನೆಯಾದ ನೂರೆಂಬತ್ತು ವರ್ಷಗಳ ಮೇಲೆ, ಗೆದ್ದ ಪಕ್ಷದವನಾಗಿ ಬರೆದನೆಂಬುದನ್ನು ಮರೆಯಲಾಗದು. ಆದರೂ ಪ್ರೇಕ್ಷಕನ ಮನಸ್ಸು ಹೇಗೆ ನಡೆಯುತ್ತದೆಂಬುದನ್ನು ಅವನು ಸರಿಯಾಗಿ ಕಂಡಿದ್ದಾನೆ. ಮೊದಲು ನಂಟು, ಅನಂತರ ವಿಷಯ. ವಿಷಯವು ತನ್ನನ್ನೇ ಮುಟ್ಟಿದಾಗ ಮಾತ್ರ ನಂಟು ಸಡಿಲವಾಗುತ್ತದೆ.

ಗೆದ್ದವರೇ ಇತಿಹಾಸ ಬರೆದರೆಂಬುದು ಗುಜರಾತಿಗೆ ಮಾತ್ರ ಸಲ್ಲುವ ಮಾತಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಕಂಬದ ಮೇಲಿರುವ ಮಲ್ಲಿಷೇಣ ಪ್ರಶಸ್ತಿಯು ಕ್ರಿ.ಶ. 1129ರದು, ಪಾಟಣದ ವಾದಕ್ಕೆ ನಾಲ್ಕೇ ವರ್ಷ ಈಚಿನದು. ಅದರಲ್ಲಿ ಸಮಂತಭದ್ರನು ಊರೂರಿನಲ್ಲಿ ವಾದಭೇರಿ ಹೊಡೆದುದೂ, ಅಕಲಂಕನು ಬೌದ್ಧರನ್ನು ಗೆದ್ದುದೂ, ಚಾಲುಕ್ಯರ ರಾಜಧಾನಿಯಲ್ಲಿ ವಾದಿರಾಜನು ಮೆರೆದುದೂ ವರ್ಣಿತವಾಗಿವೆ. ಸಮಂತಭದ್ರನ ಪ್ರಯಾಣದ ಪಟ್ಟಿಯಲ್ಲಿ ಇಂದಿನ ಮಹಾರಾಷ್ಟ್ರದ ಕರಾಡ, ಎಂದರೆ ಕರಹಾಟಕವೂ ಸೇರಿದೆ. ಈ ಶಾಸನದಲ್ಲಿ ಸೋತವರ ಮಾತಿಲ್ಲ. ನೋಡಿದವರ ಮಾತಂತೂ ಇಲ್ಲವೇ ಇಲ್ಲ. ಪ್ರೇಕ್ಷಕನ ಪ್ರತಿಕ್ರಿಯೆ ಇತಿಹಾಸದ ದಾಖಲೆಗೆ ಸೇರಬೇಕಾದರೆ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಅದು ಮೊದಲು ವ್ಯವಸ್ಥಿತವಾಗಿ ಸೇರಿದುದು ಅಮೆರಿಕದಲ್ಲಿ. ಅಲ್ಲಿ ಒಂದೇ ಪಕ್ಷದ ಆಕಾಂಕ್ಷಿಗಳು ಪಕ್ಷದ ಅಭ್ಯರ್ಥಿತನಕ್ಕಾಗಿ ಪ್ರಾಥಮಿಕ ಚುನಾವಣೆಯಲ್ಲಿ ತಮ್ಮತಮ್ಮಲ್ಲೇ ಸ್ಪರ್ಧಿಸುವ ಪದ್ಧತಿಯುಂಟು. 1948ರ ಮೇ 17ರಂದು ಆರೆಗನ್ನಿನಲ್ಲಿ ರಿಪಬ್ಲಿಕನ್ ಪಕ್ಷದ ಡ್ಯೂಯಿ ಮತ್ತು ಸ್ಟಾಸೆನ್ ಇವರು ಕಮ್ಯೂನಿಸ್ಟ್ ಪಕ್ಷವನ್ನು ನಿಷೇಧಿಸಬೇಕೇ ಎಂಬ ಒಂದೇ ಪ್ರಶ್ನೆಯ ಮೇಲೆ ರೇಡಿಯೋದಲ್ಲಿ ವಾದಿಸಿದರು. 1956ರ ಮೇ 21ರಂದು ಫ್ಲಾರಿಡಾದಲ್ಲಿ ಡೆಮಾಕ್ರಟಿಕ್ ಪಕ್ಷದ ಸ್ಟೀವನ್‌ಸನ್ ಮತ್ತು ಕೆಫಾವರ್ ದೂರದರ್ಶನದಲ್ಲಿ ಎದುರುಬದುರಾದರು. ಒಂದೇ ಮನೆಯವರು ಕಾದಾಡಿದರೆ ಹೇಗೋ ಹಾಗಾಯಿತು; ಹೆಚ್ಚಿನ ವಿಷಯಗಳಲ್ಲಿ ಇಬ್ಬರದೂ ಒಂದೇ ಅಭಿಪ್ರಾಯವಾಗಿದ್ದುದರಿಂದ ಕಾಳಗವನ್ನು ನಿರೀಕ್ಷಿಸಿದವರಿಗೆ ಸಂಭಾಷಣೆಯೇ ದೊರೆಯಿತು. 1960ರ ಸೆಪ್ಟೆಂಬರ್ 26ರ ಕೆನಡಿ-ನಿಕ್ಸನ್ ವಾದವನ್ನು ಸುಮಾರು 7 ಕೋಟಿ ಜನರು ನೋಡಿದರು. ನೋಡಿದವರಿಗೆ ಕೆನಡಿಯೂ ಕೇಳಿದವರಿಗೆ ನಿಕ್ಸನ್ನನೂ ಗೆದ್ದಂತೆ ತೋರಿತೆಂಬ ಮಾತು ಲೋಕಪ್ರಸಿದ್ಧವಾಗಿದೆ. ಆದರೆ ಆ ಮಾತಿಗಿರುವ ಮುಖ್ಯ ಆಧಾರ ಒಂದೇ ಸಂಸ್ಥೆಯ ಸಮೀಕ್ಷೆ. ರೇಡಿಯೋ ಕೇಳಿದವರಲ್ಲಿ ಮೊದಲೇ ನಿಕ್ಸನ್ನನ ಪರವಾಗಿದ್ದವರು ಹೆಚ್ಚಿರಬಹುದೆಂದು ಮುಂದಿನ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಇಲ್ಲಿಯೂ ಮಯಣಲ್ಲದೇವಿಯ ಪ್ರಶ್ನೆಯೇ ತಲೆಯೆತ್ತುತ್ತದೆ. ಕಣ್ಣು ಕಿವಿಗಳು ತೀರ್ಪು ಕೊಟ್ಟುವೋ, ಅಥವಾ ಮೊದಲೇ ಇದ್ದ ನಂಟು ಕೊಟ್ಟಿತೋ?

ಭಾರತದಲ್ಲಿ ಇಂಥ ಪ್ರಾಥಮಿಕ ಚುನಾವಣೆಯ ಪದ್ಧತಿ ನೆಲೆಗೊಳ್ಳಲಿಲ್ಲ. ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ರಾಜಕೀಯ ಪಕ್ಷಗಳಿಗೆ ಚುನಾವಣಾ ಭಾಷಣಕ್ಕೆ ಅವಕಾಶ ದೊರೆತುದೇ 1977ರಲ್ಲಿ; ಅವು ಭಾಷಣಗಳೇ ಹೊರತು ವಾದಗಳಲ್ಲ. ಮುಂಬಯಿಯ ದೂರದರ್ಶನ ಕೇಂದ್ರವು 1972ರ ಅಕ್ಟೋಬರ್ 2ರಂದೂ ಬೆಂಗಳೂರಿನದು 1981ರ ನವೆಂಬರ್ 1ರಂದೂ ಆರಂಭವಾದುವು. 1989ರ ಡಿಸೆಂಬರ್ 20ರಂದು ರಾಷ್ಟ್ರಪತಿಗಳ ಭಾಷಣವು ಸಂಸತ್ತಿನಿಂದ ನೇರವಾಗಿ ಬಿತ್ತರಗೊಂಡಿತು. ಅಲ್ಲಿಂದ ಮುಂದೆ ಕ್ರಮೇಣ ಸದನವೇ ನಮ್ಮ ದೇಶದ ವಾದರಂಗವಾಯಿತು. ವಿಶ್ವಾಸಮತದ ಚರ್ಚೆಯೇ ನಮ್ಮ ಪ್ರೇಕ್ಷಕನು ಕಾದು ಕುಳಿತು ನೋಡುವ ವಾದವಾಯಿತು.

ಹೊರನಾಡ ಕನ್ನಡಿಗನ ಮಟ್ಟಿಗೆ ಇವುಗಳಲ್ಲಿ ಮೊದಲನೆಯ ಸ್ಥಾನ 1997ರ ಏಪ್ರಿಲ್ 11ರ ಚರ್ಚೆಗೆ ಸಲ್ಲುತ್ತದೆ. ಕರ್ನಾಟಕದಿಂದ ಪ್ರಧಾನಿಯಾದ ಮೊದಲಿಗರು ಎಚ್. ಡಿ. ದೇವೇಗೌಡರು. ಕಾಂಗ್ರೆಸ್ ಪಕ್ಷವು ಮಾರ್ಚ್ 30ರಂದು ಬೆಂಬಲವನ್ನು ಹಿಂತೆಗೆದುಕೊಂಡಿದ್ದರಿಂದ ಫಲಿತಾಂಶವೇನೆಂಬುದು ಲೆಕ್ಕ ಬಲ್ಲವರಿಗೆಲ್ಲ ತಿಳಿದಿತ್ತು. ಪರವಾಗಿ 158, ವಿರೋಧವಾಗಿ 292 ಮತಗಳು ಬಿದ್ದುವು. ಹಾಗಾದರೆ ಪ್ರೇಕ್ಷಕರು ಏನನ್ನು ಕಾದಿದ್ದರು? ಸೋಲು ನಿಶ್ಚಿತವಾದ ವಾದದಲ್ಲಿ ಕಾಯುವುದು ಗೆಲುವಿಗಲ್ಲ, ಮಾತಿಗೆ. ತಮ್ಮ ನಾಡಿನವನು ದೇಶದ ಮುಂದೆ ತನ್ನನ್ನು ಹೇಗೆ ಸಮರ್ಥಿಸಿಕೊಂಡಾನು ಎಂಬ ಕುತೂಹಲಕ್ಕೆ. ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ದೇವೇಗೌಡರು 1996ರಲ್ಲಿ ರಾಜ್ಯಸಭೆಗೆ ಆಯ್ಕೆಯಾಗಿದ್ದುದರಿಂದ ಲೋಕಸಭೆಯಲ್ಲಿ ಮಾತನಾಡುವ ಹಕ್ಕು ಅವರಿಗಿತ್ತು, ಮತ ಹಾಕುವ ಹಕ್ಕು ಇರಲಿಲ್ಲ. ಡೊಂಬಿವಲಿ, ಕಲ್ಯಾಣಗಳ ಮನೆಗಳಲ್ಲಿ ಪರದೆಯ ಮುಂದೆ ಕುಳಿತ ಕನ್ನಡಿಗನ ಸ್ಥಿತಿಯೂ ಕರ್ನಾಟಕದ ರಾಜಕಾರಣದ ವಿಷಯದಲ್ಲಿ ಅದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ: ಅಭಿಪ್ರಾಯವುಂಟು, ಮತವಿಲ್ಲ.

2018ರ ಮೇ 12ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 222 ಸ್ಥಾನಗಳ ಪೈಕಿ ಭಾರತೀಯ ಜನತಾ ಪಕ್ಷಕ್ಕೆ 104 ದೊರೆತುವು. ಮೇ 17ರಂದು ಪ್ರಮಾಣ ಸ್ವೀಕರಿಸಿದ ಬಿ. ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟಿದ್ದ 15 ದಿನಗಳನ್ನು ಸರ್ವೋಚ್ಚ ನ್ಯಾಯಾಲಯವು ಮೊಟಕುಗೊಳಿಸಿ, ಮೇ 19ರ ಸಂಜೆ 4 ಗಂಟೆಗೆ ಪರೀಕ್ಷೆಯನ್ನು ನಿಗದಿಪಡಿಸಿತು. ಅದರ ನೇರ ಪ್ರಸಾರವೂ ಪಾರದರ್ಶಕತೆಯ ಸಾಧನವೆಂದು ನ್ಯಾಯಾಲಯದಲ್ಲಿ ಒಪ್ಪಿತವಾಯಿತು. ಎಂದರೆ, ಪ್ರೇಕ್ಷಕನು ಇಲ್ಲಿ ಕೇವಲ ನೋಡುಗನಲ್ಲ, ಸಾಕ್ಷಿ. ಶಾಸ್ತ್ರವು ಹೊರಗಿಟ್ಟವನನ್ನು ನ್ಯಾಯಾಲಯವು ಒಳಕ್ಕೆ ಕರೆಯಿತು. ಆದರೆ ಆ ಸಾಕ್ಷಿಗೆ ಕಂಡುದು ಮತದಾನವಲ್ಲ. ಒಂದು ಭಾಷಣ ಮತ್ತು ರಾಜೀನಾಮೆ. ನಿರೀಕ್ಷೆಗೂ ದೃಶ್ಯಕ್ಕೂ ಇಷ್ಟು ಅಂತರವಿದ್ದರೂ ಆ ದಿನ ಒಂದು ನಿರ್ಣಯವಾದರೂ ಬಂದಿತು.

2019ರ ಜುಲೈ ತಿಂಗಳ ಚರ್ಚೆ ಇದಕ್ಕೆ ತದ್ವಿರುದ್ಧವಾದುದು. ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು 18ರಂದು ಮಂಡಿಸಿದ ವಿಶ್ವಾಸಮತದ ನಿರ್ಣಯವು 18, 19, 22, 23 ಹೀಗೆ ನಾಲ್ಕು ದಿನ ಚರ್ಚೆಗೊಳಗಾಗಿ, ಕೊನೆಗೆ 99ಕ್ಕೆ 105 ಮತಗಳಿಂದ ಬಿದ್ದಿತು. ಮೊದಲ ದಿನವೇ ಮತದಾನವನ್ನು ಕಾದವರಿಗೆ ಮಾತಿನ ಮೇಲೆ ಮಾತು ದೊರೆಯಿತು. ಅಮೆರಿಕದ ಪ್ರಾಥಮಿಕ ವಾದಕ್ಕೆ ನಮ್ಮಲ್ಲಿ ಅತಿ ಸಮೀಪವಾದುದು ಇದೇ ಎನ್ನಬಹುದು. ಏಕೆಂದರೆ ಸರಕಾರವನ್ನು ಬೀಳಿಸಿದವರು ಎದುರು ಸಾಲಿನವರಿಗಿಂತ ಹೆಚ್ಚಾಗಿ ಸ್ವಪಕ್ಷದವರೇ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಯಾರ ಮನವೊಲಿಸಬೇಕಾಗಿತ್ತೋ ಆ ಶಾಸಕರು ಸದನದಲ್ಲಿಯೇ ಇರಲಿಲ್ಲ. ಅವರನ್ನು ಹಾಜರಾಗುವಂತೆ ಬಲವಂತಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 17ರಂದು ಹೇಳಿತ್ತು. ಕೇಳಬೇಕಾದವರಿಲ್ಲದ ಸದನದಲ್ಲಿ ನಾಲ್ಕು ದಿನ ಮಾತನಾಡಿದುದು ಯಾರಿಗಾಗಿ? ಪರದೆಯ ಈಚೆಗೆ ಕುಳಿತವರಿಗಾಗಿ ಎನ್ನದೆ ಬೇರೆ ಉತ್ತರವಿಲ್ಲ. ಐದನೆಯ ಅಂಗವು ಪೂರ್ಣವಾಗಿ ಸಭೆಯ ಸ್ಥಾನವನ್ನು ಆಕ್ರಮಿಸಿದ ಗಳಿಗೆ ಅದು.

ಠಾಣೆ ಜಿಲ್ಲೆಯ ಕನ್ನಡಿಗನು ತವರಿನ ವಾದವನ್ನು ಮಾತ್ರ ನೋಡುವವನಲ್ಲ. ಇದು ಅವನಿಗೆ ಪರನೆಲವೂ ಅಲ್ಲ. ಠಾಣೆಯಿಂದ ಆಳಿದ ಶಿಲಾಹಾರರ ತಾಮ್ರಪಟಗಳಲ್ಲಿಯೇ ‘ಮಲಗಲಗಂಡ’ದಂಥ ಕನ್ನಡ ಬಿರುದುಗಳಿವೆ. 2019ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ಮಹಾರಾಷ್ಟ್ರದಲ್ಲಿಯೂ ನೇರ ಪ್ರಸಾರದೊಡನೆ ಬಹುಮತ ಪರೀಕ್ಷೆಗೆ ಆಜ್ಞಾಪಿಸಿತು. ದೇವೇಂದ್ರ ಫಡಣವೀಸರು ಅದೇ ದಿನ ರಾಜೀನಾಮೆಯಿತ್ತುದರಿಂದ ಕಾದಿದ್ದವರಿಗೆ ವಾದವೇ ದೊರೆಯಲಿಲ್ಲ. 2022ರ ಜುಲೈ 4ರಂದು ಠಾಣೆಯವರೇ ಆದ ಏಕನಾಥ ಶಿಂದೆಯವರು 164ಕ್ಕೆ 99ರ ಅಂತರದಲ್ಲಿ ವಿಶ್ವಾಸಮತ ಪಡೆದು ಸದನದಲ್ಲಿ ದೀರ್ಘವಾಗಿ ಮಾತನಾಡಿದರು. ಆ ಮರಾಠಿ ಭಾಷಣವನ್ನು ಕೇಳಿದ ಕನ್ನಡಿಗನಿಗೆ ಅದು ಊರಿನವನ ಮಾತು. ಮತ್ತು ಆ ಸದನದ ವಿಷಯದಲ್ಲಿ ಅವನಿಗೆ ಮತವೂ ಉಂಟು. 1997ರಲ್ಲಿ ಹುಟ್ಟಿದ ನಾಡಿನವನು, 2022ರಲ್ಲಿ ನೆಲೆಸಿದ ಊರಿನವನು. ಎರಡು ನಂಟುಗಳು ಒಂದೇ ಮನೆಯಲ್ಲಿ ಸೇರಿದುದು ಹೀಗೆ.

ಎರಡು ನಂಟುಗಳುಳ್ಳವನು ಎರಡು ಪಕ್ಷಪಾತಗಳುಳ್ಳವನು ಎಂದು ಆಕ್ಷೇಪಿಸಬಹುದು. ಆದರೆ ದೇವಸೂರಿಯು ಸಭ್ಯನಿಗೆ ವಿಧಿಸಿದ ಮೊದಲ ಲಕ್ಷಣವು ಉಭಯ ಪಕ್ಷಗಳ ಸಿದ್ಧಾಂತವನ್ನು ಬಲ್ಲವನಾಗಿರಬೇಕೆಂಬುದು. ಎರಡು ಭಾಷೆಗಳ ಸುದ್ದಿಯನ್ನು ಕೇಳುವ, ಎರಡು ವಿಧಾನಸಭೆಗಳ ನಡವಳಿಕೆಯನ್ನು ಹೋಲಿಸಿ ನೋಡಬಲ್ಲ ಹೊರನಾಡ ಕನ್ನಡಿಗನಿಗೆ ಈ ಅರ್ಹತೆ ಅನಾಯಾಸವಾಗಿ ಒದಗಿದೆ. ಬೆಂಗಳೂರಿನಲ್ಲಿ ತಪ್ಪೆನಿಸಿದ ಪಕ್ಷಾಂತರವು ಮುಂಬಯಿಯಲ್ಲಿ ಸರಿಯೆನಿಸಿದರೆ, ಅಥವಾ ಅಲ್ಲಿ ಸರಿಯೆನಿಸಿದುದು ಇಲ್ಲಿ ತಪ್ಪೆನಿಸಿದರೆ, ತೀರ್ಪು ಕೊಟ್ಟುದು ವಿವೇಕವಲ್ಲ, ನಂಟು ಎಂಬುದನ್ನು ಅವನು ಉಳಿದವರಿಗಿಂತ ಬೇಗನೆ ಕಂಡುಕೊಳ್ಳಬಲ್ಲನು. ಮಾಧ್ಯಸ್ಥ್ಯವೆಂದರೆ ನಂಟಿಲ್ಲದಿರುವುದಲ್ಲ, ನಂಟನ್ನು ವಿಷಯದ ಮುಂದೆ ತಗ್ಗಿಸಬಲ್ಲ ಶಕ್ತಿ. ಕದಂಬರ ಮಗಳು ತವರಿನ ವಿದ್ವಾಂಸನ ಗೆಲುವನ್ನು ಬಯಸಿದುದರಲ್ಲಿ ಆಶ್ಚರ್ಯವಿಲ್ಲ. ವಾದವೇನೆಂದು ತಿಳಿದ ಮೇಲೆ ಅವಳು ಬದಲಾದಳೆಂಬುದಕ್ಕಾಗಿಯೇ ಮೇರುತುಂಗನು ಅವಳನ್ನು ನೆನೆದನು.